ಸೀಗೆಗುಡ್ಡದ ಮೇಲೆ ಮಾಯವಾದ ಗೆರೆ

ಆ ಭಾನುವಾರ ಬೆಟ್ಟದ ನಡಿಗೆ ಇರಲಿಲ್ಲ. ಗುಂಪಿನ ಅರ್ಧಕ್ಕರ್ಧ ಜನ ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದರು. ಬಿಟಿಎಂ ಲೇಔಟಿನ ತನ್ನ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಜಯಾ ತಲೆಗೆ ಎಣ್ಣೆ ಹಚ್ಚಿಕೊಂಡು, ಬಹಳ ದಿನಗಳಿಂದ ಮುಂದೂಡುತ್ತಾ ಬಂದಿದ್ದ ಕೆಲಸಕ್ಕೆ ಕುಳಿತಳು. ಗುಂಪಿನವರೆಲ್ಲ ಬಳಸುತ್ತಿದ್ದ ಚಾರಣದ ಆ್ಯಪ್‌ನಲ್ಲಿ ದಾರಿಗಳೂ ಜಾಗಗಳೂ ರಾಶಿ ಬಿದ್ದಿದ್ದವು. ಅದನ್ನು ಒಪ್ಪವಾಗಿ ಜೋಡಿಸಿಡುವ ಹೊಣೆ ಅವಳದು.

ಹೊಣೆ ಅವಳಿಗೆ ಬಂದದ್ದು ಅವಳಿಗೆ ಅಚ್ಚುಕಟ್ಟು ಇಷ್ಟ ಎಂಬ ಕಾರಣಕ್ಕೆ. ನವಲಗುಂದದ ಕಡೆಯಿಂದ ಬಂದು ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದ ಅವಳಿಗೆ ಈ ಊರಿನಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಲ್ಯಾಬಿನ ರೇವಂತ್ ಒಮ್ಮೆ ತನ್ನ ಭಾನುವಾರದ ನಡಿಗೆಯ ಗುಂಪಿಗೆ ಕರೆದುಕೊಂಡು ಹೋದ. ಕನಕಪುರ ರಸ್ತೆಯ ಆಚೀಚಿನ ಗುಡ್ಡಗಳನ್ನು ಹತ್ತಿಳಿಯುವ ಗುಂಪು ಅದು. ಹೆಚ್ಚಿನವರು ಜಯನಗರ, ಬನಶಂಕರಿ ಕಡೆಯ ಐವತ್ತು ದಾಟಿದವರು. ಮೊದಲ ದಿನ ಎಲ್ಲರಿಗಿಂತ ಹಿಂದೆ ಉಳಿದ ಜಯಾಳ ಜೊತೆಗೆ ಹೆಜ್ಜೆ ನಿಧಾನ ಮಾಡಿಕೊಂಡು ಬಂದವರು ಅನಂತಪದ್ಮನಾಭ. ನೀರು ಸರಬರಾಜಿನ ಇಂಜಿನಿಯರಾಗಿ ನಿವೃತ್ತರಾದವರು, ತ್ಯಾಗರಾಜನಗರದವರು. ನಕ್ಷೆಯ ಮೇಲೆ ಎತ್ತರ ತೋರಿಸುವ ವಕ್ರರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದು, ದೂರದೂರವಿದ್ದರೆ ಸಲೀಸು ಎಂದು ಅವಳಿಗೆ ಹೇಳಿಕೊಟ್ಟವರೂ ಅವರೇ.

ಆ್ಯಪ್ ತೆರೆದರೆ ತಲೆ ತಿರುಗುವಂತಿತ್ತು. ‘ಹೊಸ ಗುರುತು’, ಅದರ ಕೆಳಗೆ ಮತ್ತೊಂದು ‘ಹೊಸ ಗುರುತು’, ‘ನೀರು’, ‘ನೀರಿಲ್ಲ’, ‘ಗೇಟ್’, ‘ನಾಯಿ ಜಾಸ್ತಿ’, ‘ರೇವಂತ್ ಬಿದ್ದ ಜಾಗ’. ಒಂದೇ ಬೆಟ್ಟದ ಒಂದೇ ದಾರಿಯನ್ನು ನಾಲ್ಕಾರು ಜನ ಬೇರೆ ಬೇರೆ ಹೆಸರಿನಲ್ಲಿ ಉಳಿಸಿದ್ದರು. ಜಯಾ ಬೆಟ್ಟಕ್ಕೊಂದು ಫೋಲ್ಡರ್ ಮಾಡಿದಳು. ಸುಲಭದ ದಾರಿಗೆ ಹಸಿರು ಬಣ್ಣ, ಕಷ್ಟದ್ದಕ್ಕೆ ಕೆಂಪು ಕೊಟ್ಟಳು. ನೀರು ಸಿಗುವ ಜಾಗಗಳಿಗೆಲ್ಲ ಹನಿಯ ಚಿತ್ರ ಹಾಕಿದಳು. ಕೊನೆಗೆ ಉಳಿದದ್ದು ‘ಹಳೇದು’ ಎಂಬ ಫೋಲ್ಡರ್. ವರ್ಷಗಟ್ಟಲೆಯಿಂದ ಯಾರೂ ಹೋಗದ ದಾರಿಗಳು ಅದರಲ್ಲಿದ್ದವು. ಬೇಕಾದ ಎರಡು ಮೂರನ್ನು ಆಚೆಗೆ ತೆಗೆದಿಟ್ಟು ಇಡೀ ಫೋಲ್ಡರನ್ನು ಅಳಿಸುವ ಗುಂಡಿ ಒತ್ತಿದಳು. ಪರದೆಯ ಮೇಲೆ ಏನೋ ಎಚ್ಚರಿಕೆ ಬಂತು. ಪೂರ್ತಿ ಓದದೆ ‘ಸರಿ’ ಎಂದಳು.

ಪಟ್ಟಿ ಸ್ವಚ್ಛವಾಯಿತು. ಗುಡಿಸಿ ಸಾರಿಸಿದ ಅಂಗಳ ನೋಡಿದ ಹಾಗೆ ಅವಳಿಗೆ ಖುಷಿಯಾಯಿತು. ಚಹಾಕ್ಕೆ ನೀರಿಟ್ಟಳು. ನೀರು ಕುದಿಯುವ ಮೊದಲೇ ಫೋನು ಸದ್ದು ಮಾಡಿತು. ಅನಂತಪದ್ಮನಾಭರ ಸಂದೇಶ.

“ಜಯಾ, ನಾನು ಸೀಗೆಗುಡ್ಡದ ನೆತ್ತಿ ಮೇಲಿದ್ದೀನಿ. ಮ್ಯಾಪಲ್ಲಿ ದಾರಿಯ ಗೆರೆ ಇದ್ದಕ್ಕಿದ್ದ ಹಾಗೆ ಹೋಯ್ತು. ಗುರುತುಗಳೂ ಇಲ್ಲ. ಏನು ಮಾಡಲಿ?”

ಜಯಾಳಿಗೆ ಮೊದಲು ಅರ್ಥವಾಗಲಿಲ್ಲ. ಇವತ್ತು ನಡಿಗೆಯೇ ಇಲ್ಲವಲ್ಲ? ಆಮೇಲೆ ಹೊಳೆಯಿತು. ಸೀಗೆಗುಡ್ಡದ ದಾರಿ ಇದ್ದದ್ದು ‘ಹಳೇದು’ ಫೋಲ್ಡರಿನಲ್ಲಿ. ಆ ಫೋಲ್ಡರನ್ನು ಗುಂಪಿನವರೆಲ್ಲ ಹಂಚಿಕೊಂಡಿದ್ದರು. ಅವಳ ಫೋನಿನಲ್ಲಿ ಅಳಿಸಿದ್ದು ಎಲ್ಲರ ಫೋನಿನಿಂದಲೂ ಹೋಗಿತ್ತು. ಅವಳು ಓದದೆ ಬಿಟ್ಟ ಎಚ್ಚರಿಕೆ ಹೇಳಿದ್ದು ಅದನ್ನೇ.

ಕೂಡಲೇ ಫೋನ್ ಮಾಡಿದಳು. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’ ಮತ್ತೆ ಮಾಡಿದಳು. ಅದೇ ಮಾತು. “ಸರ, ಅಲ್ಲೇ ಕೂತಿರ್ರಿ, ಎಲ್ಲೂ ಹೋಗಬ್ಯಾಡ್ರಿ” ಎಂದು ಬರೆದು ಕಳಿಸಿದಳು. ಸಂದೇಶ ತಲುಪಿದ ಗುರುತು ಬೀಳಲೇ ಇಲ್ಲ. ಒಲೆಯ ಮೇಲಿನ ನೀರು ಉಕ್ಕಿ ಬೆಂಕಿ ಆರಿತು.

ರೇವಂತ್ ಜೆ.ಪಿ. ನಗರದಲ್ಲಿದ್ದ. ಫೋನಿನಲ್ಲಿ ಅವಳ ದನಿ ಕೇಳಿಯೇ ಅವನ ನಿದ್ದೆ ಹಾರಿತು.

“ನಾನs ಅಳಿಸೀನಿ ರೇವಂತ್. ಅವರು ಒಬ್ರs ಹೋಗ್ಯಾರೇನೋ. ಫೋನ್ ಹತ್ತವಲ್ದು.”

“ತಡಿ ತಡಿ. ಒಬ್ರೇ ಅಂತ ಯಾಕೆ ಅಂದ್ಕೋತೀಯ? ಸರಸ್ವತಿ ಆಂಟಿಗೆ ಫೋನ್ ಮಾಡಿ ಯಾರ ಜೊತೆ ಹೋಗಿದಾರೆ ಕೇಳು. ನಾನು ಕಾರ್ ತೆಗೀತೀನಿ. ರೆಡಿಯಾಗಿರು.”

ಸರಸ್ವತಿ ಅನಂತಪದ್ಮನಾಭರ ಹೆಂಡತಿ. ಜಯಾ ಒಂದೆರಡು ಬಾರಿ ಅವರ ಮನೆಯಲ್ಲಿ ಊಟ ಮಾಡಿದ್ದಳು. ಫೋನ್ ಎತ್ತಿದ ಸರಸ್ವತಿಯ ದನಿ ನಿರಾಳವಾಗಿತ್ತು.

“ಏನಮ್ಮಾ ಜಯಾ, ಬೆಟ್ಟ ಹತ್ತಿ ಆಯ್ತಾ? ಅವರಿಗೆ ತಿಂಡಿ ತಿನ್ನೋಕೆ ಹೇಳು. ಮಾತ್ರೆ ಬೇರೆ ಇದೆ.”



“ಆಂಟಿ... ಸರ್ ಯಾರ ಜೋಡಿ ಹೋಗ್ಯಾರ್ರಿ?”

“ಯಾರ ಜೊತೆ ಅಂದ್ರೆ? ನಿಮ್ಮ ಜೊತೆ. ಗುಂಪಿನ ಜೊತೆ ಹೋಗ್ತೀನಿ ಅಂತ ಬೆಳಕು ಹರಿಯೋ ಹೊತ್ತಿಗೇ ಹೊರಟ್ರಲ್ಲ.”

“ಇವತ್ತ ಯಾರೂ ಹೋಗಿಲ್ರಿ ಆಂಟಿ.”

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಜಯಾ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ತಾನು ಅಳಿಸಿದ್ದನ್ನೂ ಮುಚ್ಚಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು.

“ಹೋದ ವರ್ಷ ಅವರಿಗೆ ಸ್ಟೆಂಟ್ ಹಾಕಿಸಿದೀವಿ” ಎಂದರು ಸರಸ್ವತಿ. ದನಿ ಬದಲಾಗಿತ್ತು. “ಒಬ್ಬರೇ ಹೋಗೋ ಹಾಗಿದ್ರೆ ಬೇಡವೇ ಬೇಡ ಅಂತ ನಾನೇ ಹೇಳಿದ್ದು. ಅದಕ್ಕೇ ಸುಳ್ಳು ಹೇಳಿದಾರೆ. ನೀನು ಅಳಬೇಡ. ನಮ್ಮನೆ ಮುಂದೆ ಬಂದೇ ಹೋಗಿ. ನಾನೂ ಬರ್ತೀನಿ.”

“ನೀವು ಬ್ಯಾಡ್ರಿ ಆಂಟಿ, ಬಿಸಿಲು...”

“ಬರ್ತೀನಿ ಅಂದೆನಲ್ಲ.”

ಕಾರು ಬಂದಾಗ ಸರಸ್ವತಿ ಗೇಟಿನ ಹೊರಗೇ ನಿಂತಿದ್ದರು. ಹತ್ತಿ ಸೀರೆ ಉಟ್ಟು, ಕಾಲಿಗೆ ಗಂಡನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದರು. ಕೈಯಲ್ಲಿ ನೀರಿನ ಬಾಟಲಿಗಳು, ಮಾತ್ರೆಯ ಡಬ್ಬಿ, ಒಂದು ಟವಲ್. ಹಿಂದಿನ ಸೀಟಿನಲ್ಲಿ ಕುಳಿತು ಜಯಾಳ ಬೆನ್ನ ಮೇಲೆ ಒಮ್ಮೆ ಕೈಯಿಟ್ಟರು.

ಭಾನುವಾರವಾದ್ದರಿಂದ ಬನಶಂಕರಿಯಲ್ಲಿ ವಾಹನ ಕಡಿಮೆಯಿತ್ತು. ಕನಕಪುರ ರಸ್ತೆ ಹಿಡಿದ ಮೇಲೆ ರೇವಂತ್, “ಆ ಆ್ಯಪ್‌ನ ವೆಬ್‌ಸೈಟ್ ಓಪನ್ ಮಾಡು. ಅಳಿಸಿದ್ದು ಒಂದಷ್ಟು ದಿನ ಅಲ್ಲೇ ಕಸದ ಬುಟ್ಟೀಲಿ ಇರತ್ತೆ ಅನ್ಸತ್ತೆ” ಎಂದ. ಜಯಾ ಹುಡುಕಿದಳು. ಇತ್ತು. ‘ಹಳೇದು’ ಇಡಿಯಾಗಿ ಅಲ್ಲೇ ಕುಳಿತಿತ್ತು. ಮರಳಿ ತರುವ ಗುಂಡಿ ಒತ್ತಿದಾಗ ದಾರಿಗಳು ಒಂದೊಂದಾಗಿ ಪಟ್ಟಿಗೆ ಬಂದವು. ಸೀಗೆಗುಡ್ಡದ ನೀಲಿ ಗೆರೆಯೂ ಬಂತು.

“ಬಂತು!” ಎಂದು ಕೂಗಿದಳು.

“ಹಾಗಿದ್ರೆ ಅವರ ಫೋನಿಗೂ ಬಂದಿರತ್ತಾ?” ಎಂದು ಸರಸ್ವತಿ ಮುಂದಕ್ಕೆ ಬಾಗಿದರು.

ರೇವಂತ್ ಕನ್ನಡಿಯಲ್ಲಿ ಅವರನ್ನು ನೋಡಿದ. “ಅವರಿಗೆ ಸಿಗ್ನಲ್ ಇದ್ರೆ ಮಾತ್ರ ಆಂಟಿ. ಗುಡ್ಡದ ನೆತ್ತಿ ಮೇಲೆ ಒಂಚೂರು ಸಿಗತ್ತೆ. ಅಲ್ಲಿ ಸಿಕ್ಕಿದ್ದಕ್ಕೇ ಗೆರೆ ಅಳಿಸಿಹೋಗಿರೋದು, ಮೆಸೇಜೂ ಬಂದಿರೋದು. ಆಮೇಲೆ ಫೋನ್ ಹತ್ತಲಿಲ್ಲ ಅಂದ್ರೆ ಅಲ್ಲಿಂದ ಹೊರಟಿದಾರೆ ಅಂತ ಅರ್ಥ.”

“ಸಿಗಲಿಲ್ಲ ಅಂದ್ರೆ?”

“ನೆತ್ತಿ ತನಕ ನೋಡೋಣ. ಸಿಗಲಿಲ್ಲ ಅಂದ್ರೆ ತಕ್ಷಣ ಪೊಲೀಸ್‌ಗೆ ಫೋನ್ ಮಾಡ್ತೀನಿ.”

ಜಯಾ ಆ ಗೆರೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಆಂಜನೇಯನ ಗುಡಿಯಿಂದ ಹೊರಟು ಗುಡ್ಡದ ನೆತ್ತಿಗೆ ಹತ್ತಿ, ಅಲ್ಲಿಂದ ಬಲಕ್ಕೆ ಇಳಿದು ಕೆರೆಯ ಏರಿ ಬಳಸಿಕೊಂಡು ಮತ್ತೆ ಗುಡಿಗೆ ಬರುವ ದಾರಿ. ನೆತ್ತಿಯಿಂದ ಎಡಕ್ಕೆ, ಗೆರೆಯಿಂದ ಸ್ವಲ್ಪ ದೂರದಲ್ಲಿ ಒಂದು ಕೆಂಪು ಗುರುತು ಇತ್ತು. ಅದರ ಮೇಲೆ ಬೆರಳಿಟ್ಟಳು. ಯಾರೋ ಹಿಂದೆ ಬರೆದಿದ್ದರು: ‘ಹಳೆ ಕಲ್ಲು ಕ್ವಾರಿ. ಅಂಚು ಕುಸಿದಿದೆ. ಹತ್ತಿರ ಹೋಗಬಾರದು.’

ಆ ಗುರುತೂ ಅವಳು ಅಳಿಸಿದ್ದರಲ್ಲೇ ಇತ್ತು. ಅವಳು ಫೋನನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕಿಟಕಿಯ ಆಚೆ ನೋಡತೊಡಗಿದಳು. ತಲಘಟ್ಟಪುರ ಹಿಂದಾಯಿತು, ಅಪಾರ್ಟ್‌ಮೆಂಟುಗಳು ತೆಳುವಾದವು, ಮಾವಿನ ತೋಪುಗಳು ಶುರುವಾದವು. ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಗುಡಿಯ ಮುಂದಿನ ಆಲದ ಮರದಡಿಯಲ್ಲಿ ಅನಂತಪದ್ಮನಾಭರ ಬಿಳಿ ಕಾರು ನಿಂತಿತ್ತು. ಸರಸ್ವತಿ ಕೆಳಗಿಳಿದು ಅದರ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದರು, ಬಿಸಿ ಇದೆಯೋ ಎಂದು. ತಣ್ಣಗಿತ್ತು. ಹೂ ಮಾರುವ ಹೆಂಗಸು, “ಟೋಪಿ ಹಾಕ್ಕೊಂಡಿದ್ದ ಯಜಮಾನ್ರಾ? ಹತ್ತಿದ್ದು ನೋಡ್ದೆ, ಇಳಿದಿದ್ದು ನೋಡ್ನಿಲ್ಲ” ಎಂದಳು.

ಮೂವರೂ ಹತ್ತತೊಡಗಿದರು. ಸರಸ್ವತಿ ಕೆಳಗೇ ಕೂರಲಿ ಎಂದು ರೇವಂತ್ ಎರಡು ಸಲ ಹೇಳಿ ನೋಡಿದ. ಅವರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದರು. ಮನೆಯಿಂದ ಗಾಂಧಿಬಜಾರಿಗೆ ಬಿಟ್ಟರೆ ಎಲ್ಲಿಗೂ ನಡೆಯದ ಹೆಂಗಸು, ಕಲ್ಲಿನಿಂದ ಕಲ್ಲಿಗೆ ಕೈಯೂರಿ ಹತ್ತಿದರು. ನಡುವೆ ನಿಂತು ಉಸಿರು ತೆಗೆದುಕೊಂಡರೂ ಕೂರಲಿಲ್ಲ. ಒಂದು ಕಡೆ ಮಾತ್ರ ಜಯಾಳ ಭುಜ ಹಿಡಿದು, “ಇಷ್ಟು ಹತ್ತೋಕೆ ಅವರಿಗೆ ಅಷ್ಟೊಂದು ಆಸೆನಾ?” ಎಂದರು, ತಮಗೆ ತಾವೇ ಕೇಳಿಕೊಂಡ ಹಾಗೆ.

ನೆತ್ತಿಯ ಮೇಲೆ ಯಾರೂ ಇರಲಿಲ್ಲ. ಬಂಡೆ, ಗಾಳಿ, ಒಣಗಿದ ಹುಲ್ಲು. ಜಯಾ ಬಾಯಿಗೆ ಕೈ ಅಡ್ಡ ಹಿಡಿದು “ಸರ! ಸರ!” ಎಂದು ಕೂಗಿದಳು. ಉತ್ತರ ಬರಲಿಲ್ಲ. ಅಲ್ಲಿಂದ ಎರಡು ದಾರಿಗಳು ಇಳಿಯುತ್ತಿದ್ದವು. ಬಲಗಡೆಯದು ಸೀಗೆ ಮೆಳೆಗಳ ನಡುವೆ ನುಸುಳುವ ಕಾಲುದಾರಿ, ನಕ್ಷೆಯ ಗೆರೆ ಹೋಗುತ್ತಿದ್ದದ್ದು ಅದರಲ್ಲೇ. ಎಡಗಡೆಯದು ಹಿಂದೆ ಲಾರಿ ಓಡಾಡಿದ ಅಗಲವಾದ ಜಾಡು.

“ಬಲಗಡೆನೇ ಹೋಗಿರ್ತಾರೆ” ಎಂದ ರೇವಂತ್. “ಈ ದಾರೀಲಿ ಅವರು ಹಿಂದೆ ನಮ್ಮ ಜೊತೆ ಬಂದಿದ್ರು. ಸ್ವಲ್ಪ ನೆನಪು ಇರತ್ತೆ. ಗೆರೆ ಇಲ್ಲದೇ ಇದ್ರೂ ಕೆರೆ ಇದೆ ಅಂತ ಗೊತ್ತು.”

“ಕೆರೆ ಎಲ್ಲಿದೆ?” ಎಂದು ಸರಸ್ವತಿ ಕೇಳಿದರು.

“ಆ ಮರಗಳ ಹಿಂದೆ. ಇಲ್ಲಿಂದ ಕಾಣಲ್ಲ.”

ಸರಸ್ವತಿ ಕಣ್ಣಿಗೆ ಕೈ ಮರೆ ಮಾಡಿ ಎರಡೂ ಕಡೆ ನೋಡಿದರು. ಎಡಗಡೆ, ಲಾರಿ ಜಾಡಿನ ಕೊನೆಯಲ್ಲಿ, ಬಂಡೆಗಳ ನಡುವೆ ಹಸಿರು ಬಣ್ಣದ ನೀರು ಫಳಫಳ ಹೊಳೆಯುತ್ತಿತ್ತು.

“ಅದೇನು ನೀರು?”

ರೇವಂತ್ ಹೇಳಿದ. “ಹಳೇ ಕ್ವಾರಿ ಆಂಟಿ. ಗುಂಡೀಲಿ ಮಳೆ ನೀರು ನಿಂತಿದೆ.”

“ಅಲ್ಲಿಗೇ ಹೋಗಿದಾರೆ” ಎಂದರು ಸರಸ್ವತಿ. “ನಡೀರಿ.”

“ಆಂಟಿ, ನೆನಪಿಂದ ಹೋದ್ರೆ ಬಲಗಡೆ...”

“ರೇವಂತ, ನಲವತ್ತು ವರ್ಷ ಆ ಮನುಷ್ಯನ ಜೊತೆ ಓಡಾಡಿದೀನಿ. ಮೈಸೂರಿಗೆ ಹೊರಟ್ರೆ ದಾರೀಲಿ ಕಂಡ ಕೆರೆಗೆಲ್ಲ ಕಾರ್ ನಿಲ್ಲಿಸ್ತಾರೆ. ತೂಬು ನೋಡ್ಬೇಕು, ಕೋಡಿ ನೋಡ್ಬೇಕು. ಮದುವೆ ಮುಹೂರ್ತ ಎರಡು ತಪ್ಪಿಸಿದೀನಿ ಇವರ ದೆಸೆಯಿಂದ. ದಾರಿ ಗೊತ್ತಾಗ್ಲಿಲ್ಲ ಅಂದ್ರೆ ನೀರು ಕಾಣೋ ಕಡೆಗೇ ಕಾಲು ಹಾಕ್ತಾರೆ. ನೀವು ಆ ಕಡೆ ಬೇಕಾದ್ರೆ ಹೋಗಿ. ನಾನು ಈ ಕಡೆ.”

ಅವರನ್ನು ಒಬ್ಬರೇ ಬಿಡುವ ಹಾಗಿರಲಿಲ್ಲ. ಮೂವರೂ ಎಡಕ್ಕೆ ಇಳಿದರು. ಜಾಡಿನ ತುಂಬ ಜಲ್ಲಿಕಲ್ಲು, ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ಜಯಾ ಎಲ್ಲರಿಗಿಂತ ಮುಂದೆ ಓಡಿದಳು. ಒಂದು ತಿರುವಿನಲ್ಲಿ ಮಣ್ಣು ಮೆತ್ತಗಿದ್ದ ಕಡೆ ಬೂಟಿನ ಗುರುತು, ಪಕ್ಕದಲ್ಲಿ ಊರುಗೋಲು ಚುಚ್ಚಿದ ತೂತು. ಅವಳಿಗೆ ಒಂದು ಕ್ಷಣ ಸಂತೋಷವಾಯಿತು. ಆದರೆ ಹೆಜ್ಜೆಗಳು ಕ್ವಾರಿಯ ಕಡೆಗೇ ಹೋಗಿದ್ದವು. ಇನ್ನೂ ಸ್ವಲ್ಪ ಮುಂದೆ ಜಲ್ಲಿಯೆಲ್ಲ ಕೆದರಿಹೋಗಿತ್ತು, ಯಾರೋ ಜಾರಿ ಬಿದ್ದ ಹಾಗೆ. ಅಲ್ಲಿಂದಾಚೆ ಹೆಜ್ಜೆಯಿರಲಿಲ್ಲ.

“ಸರ!” ಅವಳ ಕೂಗು ಕ್ವಾರಿಯ ಗೋಡೆಗೆ ಬಡಿದು ವಾಪಸು ಬಂತು.

“ಇಲ್ಲಿದೀನಿ ಕಣಮ್ಮಾ.”

ದನಿ ಬಂದದ್ದು ಕ್ವಾರಿಯ ಕಡೆಯಿಂದಲ್ಲ. ಜಾಡಿನ ಪಕ್ಕದ ಹೊಂಗೆ ಮರದ ಬುಡದಿಂದ. ಅನಂತಪದ್ಮನಾಭ ಮರಕ್ಕೊರಗಿ ಕುಳಿತಿದ್ದರು. ಬಲಗಾಲಿನ ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಕಾಲಿನ ಹರಡು ಊದಿತ್ತು. ಟೋಪಿ ತೊಡೆಯ ಮೇಲಿತ್ತು. ಮುಖ ಬಿಸಿಲಿಗೆ ಕೆಂಪಾಗಿದ್ದರೂ ಕಣ್ಣುಗಳು ಚುರುಕಾಗಿದ್ದವು.

ಜಯಾ ಇದ್ದ ಜಾಗದಲ್ಲೇ ಜಲ್ಲಿಯ ಮೇಲೆ ಕುಕ್ಕರಿಸಿ ಕುಳಿತು, “ಸಿಕ್ಕರ್ರಿ! ಆಂಟಿ, ಸಿಕ್ಕರ್ರಿ!” ಎಂದು ಹಿಂದಕ್ಕೆ ಕೂಗಿದಳು. ಕೂಗಿದ್ದರಲ್ಲಿ ಅರ್ಧ ನಗು, ಅರ್ಧ ಅಳು.

ಸರಸ್ವತಿ ರೇವಂತನ ಕೈ ಹಿಡಿದುಕೊಂಡು ತಿರುವಿನಲ್ಲಿ ಕಾಣಿಸಿದರು. ಗಂಡನಿಗೆ ಅವರನ್ನು ನೋಡಿ ಗಾಬರಿಯಾಯಿತು.

“ನೀನ್ಯಾಕೆ ಬಂದೆ ಈ ಬಿಸಿಲಲ್ಲಿ?”

ಸರಸ್ವತಿ ಹತ್ತಿರ ಬಂದು ನಿಂತು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಸುತ್ತ ಮುತ್ತ ಕಣ್ಣಾಡಿಸಿದರು.

“ಎಲ್ಲಿ, ನಿಮ್ಮ ಗುಂಪಿನವರು?”

ಅನಂತಪದ್ಮನಾಭ ತೊಡೆಯ ಮೇಲಿನ ಟೋಪಿಯನ್ನು ತಿರುವತೊಡಗಿದರು. ರೇವಂತ್ ತಡೆಯಲಾರದೆ ಆ ಕಡೆ ತಿರುಗಿ ನಕ್ಕ. ಸರಸ್ವತಿ ನಗಲಿಲ್ಲ. ಗಂಡನ ಪಕ್ಕದಲ್ಲಿ ಕುಳಿತು, ಟವಲನ್ನು ನೀರಿನಲ್ಲಿ ನೆನೆಸಿ ಅವರ ಕತ್ತು, ಮುಖ ಒರೆಸಿದರು. ಒರೆಸುತ್ತಲೇ ಅವರ ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು.

“ನೋವಿದೆಯಾ ಇಲ್ಲಿ?”

“ಇಲ್ಲ ಕಣೆ. ಕಾಲು ಮಾತ್ರ.”

“ನಿಜ ಹೇಳಿ.”

“ನಿಜ. ನಿನ್ನಾಣೆ.”

ಆಗ ಸರಸ್ವತಿಗೆ ಅಳು ಬಂತು. ಸದ್ದಿಲ್ಲದೆ ಅತ್ತರು. ಅನಂತಪದ್ಮನಾಭ ಅವರ ಕೈ ಹಿಡಿದುಕೊಂಡು, “ಬೂಟು ನಂದಲ್ವಾ ಇದು?” ಎಂದರು.

ನೀರು ಕುಡಿದ ಮೇಲೆ ಅವರು ನಡೆದದ್ದು ಹೇಳಿದರು. ಗೆರೆ ಮಾಯವಾದ ಮೇಲೆ ಸ್ವಲ್ಪ ಹೊತ್ತು ನೆತ್ತಿಯ ಮೇಲೆ ಕಾದಿದ್ದರು. ಸಿಗ್ನಲ್ ಹೋಯಿತು. ಬಾಟಲಿಯೂ ಖಾಲಿಯಾಗಿತ್ತು. ಕೆಳಗೆ ನೀರು ಕಂಡಿತು, ಅದೇ ಕೆರೆಯ ಬೇರೆ ಭಾಗವಿರಬೇಕೆಂದು ಇಳಿದರು. ಜಲ್ಲಿಯ ಮೇಲೆ ಜಾರಿದರು. ತೆವಳಿಕೊಂಡು ನೆರಳಿಗೆ ಬಂದರು. ಬಿದ್ದ ಏಟಿಗೆ ಫೋನೂ ಸತ್ತಿತ್ತು.

“ಬೀಳದೇ ಇದ್ದಿದ್ರೆ ನೀರಿನ ಹತ್ರ ಹೋಗ್ತಿದ್ರಾ ಸರ್?” ಎಂದು ರೇವಂತ್ ಕೇಳಿದ.

“ಹೋಗ್ತಿದ್ದೆ. ಅದಕ್ಕೇ ತಾನೇ ಇಳಿದಿದ್ದು.”

ರೇವಂತ್ ಮುಂದೆ ಹೋಗಿ ನೋಡಿ ಬಂದ. ಜಾಡು ಕೊನೆಯಾಗುವಲ್ಲಿ ಅಂಚು ಒಳಗಿನಿಂದ ಕುಸಿದು ಮೇಲೆ ಬರೀ ಮಣ್ಣಿನ ಪದರ ಉಳಿದಿತ್ತು. ವಾಪಸು ಬಂದು ಏನೂ ವಿವರಿಸದೆ, “ಬಿದ್ದಿದ್ದೇ ಒಳ್ಳೇದಾಯ್ತು ಬಿಡಿ” ಎಂದಷ್ಟೇ ಹೇಳಿದ.

ಜಯಾ ಅವರ ಮುಂದೆ ಬಂದು ಕುಳಿತಳು. “ಸರ, ಗೆರೀ ಅಳಿಸಿದ್ದು ನಾನs. ಸ್ವಚ್ಛ ಮಾಡಾಕ ಹೋಗಿ ಎಲ್ಲಾ ತಗದಬಿಟ್ಟೆ. ಕ್ವಾರಿ ಗುರುತೂ ಅದರಾಗ ಇತ್ತು.”

ಅನಂತಪದ್ಮನಾಭ ಅವಳನ್ನು ನೋಡಿದರು. “ಹಾಗೋ? ನನ್ನ ಫೋನ್ ಕೆಟ್ಟೋಯ್ತು ಅಂದ್ಕೊಂಡಿದ್ದೆ.” ಸ್ವಲ್ಪ ಯೋಚಿಸಿ, “ನೋಡಮ್ಮ, ಓದದೇ ಒತ್ತಿದ್ದು ತಪ್ಪೇ. ಆದ್ರೆ ಗೆರೆ ಹೋದಾಗ ಬಂದ ದಾರೀಲೇ ವಾಪಸ್ ಇಳೀಬಹುದಿತ್ತು ನಾನು. ನಿನಗೆ ಇದನ್ನೆಲ್ಲ ಹೇಳಿಕೊಟ್ಟೋನು ನಾನೇ. ಮನೇಲಿ ಸುಳ್ಳು ಹೇಳಿ ಬಂದೋನೂ ನಾನೇ. ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೋಬೇಡ. ನನಗೂ ಸ್ವಲ್ಪ ಬಿಡು” ಎಂದರು.

“ಸ್ವಲ್ಪ ಅಲ್ಲ, ಜಾಸ್ತಿನೇ ಬಿಡು ಜಯಾ” ಎಂದರು ಸರಸ್ವತಿ, ಮೂಗು ಒರೆಸಿಕೊಳ್ಳುತ್ತಾ.

ಮತ್ತೆ ನೆತ್ತಿಗೆ ಹತ್ತಿ ಗುಡಿಯ ಕಡೆಗೆ ಇಳಿಯುವುದು ನಿಧಾನವಾಯಿತು. ಒಂದು ಕಡೆ ರೇವಂತ್, ಇನ್ನೊಂದು ಕಡೆ ಜಯಾ ಹೆಗಲು ಕೊಟ್ಟರು. ಸರಸ್ವತಿ ಊರುಗೋಲು ಹಿಡಿದು ಹಿಂದೆ ಬಂದರು. ನೆತ್ತಿಯ ಮೇಲೆ ಜಯಾಳ ಫೋನಿಗೆ ಸಿಗ್ನಲ್ ಬಂದಾಗ, ಅವಳು ಬೆಳಿಗ್ಗೆಯಿಂದ ಗುಂಪಿಗೆ ಎಣಿಸಲಾರದಷ್ಟು ಸಲ ಕಳಿಸಿದ್ದ ‘ಎಲ್ಲಿ ಅದೀರಿ ಸರ’ ಎಂಬ ಸಂದೇಶಗಳ ಕೆಳಗೆ ಗುಂಪಿನವರ ಪ್ರಶ್ನೆಗಳು ಸಾಲಾಗಿ ಬಂದು ಬಿದ್ದವು. ‘ಸಿಕ್ಕಿದ್ರು, ಆರಾಮದಾರ’ ಎಂದು ಬರೆದಳು. ಅಷ್ಟು ಬರೆದು ಕಳಿಸುವುದರಲ್ಲಿ ಎಂಥ ಸುಖವಿದೆ ಎಂದು ಅವಳಿಗೆ ಆಗ ಗೊತ್ತಾಯಿತು.

ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ ತಟ್ಟೆ ಇಡ್ಲಿ ತಿಂದರು. ಸರಸ್ವತಿ ಒಂದರ ಮೇಲೆ ಒಂದು ವಡೆ ತರಿಸಿಕೊಂಡು, ಯಾರು ನೋಡುತ್ತಾರೆಂಬುದನ್ನೂ ಲೆಕ್ಕಿಸದೆ ಸಾಂಬಾರಿನಲ್ಲಿ ಅದ್ದಿ ಅದ್ದಿ ತಿಂದರು. ಜಯನಗರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ವೈದ್ಯರು ಮೂಳೆ ಮುರಿದಿಲ್ಲ, ಕಾಲು ಉಳುಕಿದೆ ಎಂದರು. ಹೃದಯವನ್ನೂ ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು. ಕೋಣೆಗೆ ಹಿಂದಿರುಗಿದ ಜಯಾ ತಲೆಯ ಎಣ್ಣೆಯನ್ನೂ ತೊಳೆಯದೆ ಮಲಗಿದಳು. ಎದ್ದಾಗ ಸೂರ್ಯ ಮುಳುಗುತ್ತಿದ್ದ.

ಮುಂದಿನ ವಾರ ಅವಳು ಆ್ಯಪ್ ಜೋಡಿಸುವ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದಳು. ಅನಂತಪದ್ಮನಾಭ ಒಪ್ಪಲಿಲ್ಲ. ತಮ್ಮ ಮನೆಗೇ ಕರೆಸಿಕೊಂಡರು. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕುಳಿತು ಇಬ್ಬರೂ ಒಂದೊಂದೇ ಗುರುತು ತೆರೆದು ನೋಡಿದರು. ಈ ಸಲ ಏನನ್ನೂ ಅಳಿಸಲಿಲ್ಲ. ಅಪಾಯದ ಜಾಗಗಳನ್ನೆಲ್ಲ ಬೇರೆಯೇ ಫೋಲ್ಡರಿನಲ್ಲಿ ಇಟ್ಟು, ಅದನ್ನು ಯಾರೂ ಮುಟ್ಟದ ಹಾಗೆ ಬೀಗ ಹಾಕಿದರು. ದಾರಿಗೆ ಹೊರಡುವ ಮುಂಚೆ ನಕ್ಷೆಯನ್ನೂ ಗೆರೆಯನ್ನೂ ಫೋನಿನಲ್ಲೇ ಇಳಿಸಿಕೊಂಡು, ಬೇರೊಂದು ಪ್ರತಿ ಮಾಡಿಟ್ಟುಕೊಳ್ಳಬೇಕೆಂದು ಗುಂಪಿಗೆಲ್ಲ ಬರೆದರು. ಯಾರು ಎಲ್ಲಿಗೆ ಹೋದರೂ ಮೊದಲು ಗುಂಪಿಗೆ ತಿಳಿಸಬೇಕು ಎಂಬ ಸಾಲನ್ನು ಅನಂತಪದ್ಮನಾಭರೇ ಸೇರಿಸಿದರು, ಹೆಂಡತಿ ಬೆನ್ನ ಹಿಂದೆ ನಿಂತು ಓದುತ್ತಿದ್ದಾಗ.

“ನನ್ನ ಫೋನಿಗೂ ಅದನ್ನ ಹಾಕಮ್ಮಾ” ಎಂದರು ಸರಸ್ವತಿ.

“ನಿನಗ್ಯಾಕೆ?”

“ನೀವು ಎಲ್ಲಿದೀರ ಅಂತ ನೋಡೋಕೆ. ಮತ್ತೆ ನಾನೂ ನಡೀತೀನಿ. ಆ ಗುಡ್ಡ ಹತ್ತಿದೋಳಿಗೆ ಇನ್ನೇನು?”

ಜಯಾ ಆ್ಯಪ್ ಹಾಕಿ, ದಾರಿ ದಾಖಲಿಸುವ ಗುಂಡಿಯನ್ನು ತೋರಿಸಿಕೊಟ್ಟಳು. ಸರಸ್ವತಿ ಅದನ್ನು ಒತ್ತಿ, ಚೀಲ ಹಿಡಿದು ಗಾಂಧಿಬಜಾರಿಗೆ ಹೊರಟೇಬಿಟ್ಟರು. ಅವರು ವಾಪಸು ಬಂದಾಗ ಮೂವರೂ ಪರದೆಗೆ ಬಗ್ಗಿ ನೋಡಿದರು. ಗೆರೆ ನೇರವಾಗಿ ಹೋಗಿರಲೇ ಇಲ್ಲ. ಹೂವಿನ ಅಂಗಡಿಯ ಮುಂದೆ ಒಂದು ಗಂಟು, ತರಕಾರಿಯವರ ಹತ್ತಿರ ಇನ್ನೊಂದು ದೊಡ್ಡ ಗಂಟು, ವಿಮಲಾ ಎಂಬ ಗೆಳತಿಯ ಮನೆಗೆ ಒಂದು ಬಾಲ.

“ಇದನ್ನ ಯಾವ ಫೋಲ್ಡರಿಗೆ ಹಾಕೋದು?” ಎಂದರು ಅನಂತಪದ್ಮನಾಭ, ನಗು ತಡೆದುಕೊಂಡು.

“ಕಷ್ಟದ ದಾರಿಗೆ” ಎಂದರು ಸರಸ್ವತಿ. “ಚೀಲ ಎಷ್ಟು ಭಾರ ಇತ್ತು ಗೊತ್ತಾ?”

ಜಯಾ ನಗುತ್ತಾ ಆ ಗೆರೆಗೆ ಕೆಂಪು ಬಣ್ಣ ಕೊಟ್ಟಳು.